ಮೊಣಕಾಲೂರುವ ಕಾಲು

ನಗುವವರನ್ನು ಕಂಡರೆ ನನಗೆ ಆಗುವುದಿಲ್ಲ ಅಂತೇನಿಲ್ಲ. ನಾನು ಕೆಲಸ ಮಾಡುವ ಜಾಗಕ್ಕೆ ಬಂದು ನಗುವವರನ್ನು ಕಂಡರೆ ಮಾತ್ರ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಯಾಕೆಂದರೆ ನಾನು ಮಾಡುವುದು ಕಾಲು. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಂತೆ ಎರಡು ಕಿಟಕಿಯ ಒಂದು ಉದ್ದನೆಯ ಕೋಣೆ. ಕಪಾಟಿನ ತುಂಬ ಪ್ಲಾಸ್ಟರಿನ ಅಚ್ಚುಗಳು. ನಡುವೆ, ಹೊಸ ಕಾಲು ಹಾಕಿಕೊಂಡವರು ಹಿಡಿದು ನಡೆಯಲು ಎರಡು ಕಂಬಿ. ಕಂಬಿಯ ಕೊನೆಗೆ ಆಳೆತ್ತರದ ಕನ್ನಡಿ. ಇಪ್ಪತ್ತೊಂಬತ್ತು ವರ್ಷ ಅಲ್ಲೇ ಕಳೆದೆ. ಎಲ್ಲರೂ ಕರೆಯುವುದು ಕಾಲು ಮೇಸ್ತ್ರಿ ಅಂತ.

ಇದನ್ನು ನಾನು ಹೇಳುತ್ತಿದ್ದೇನೆ, ಬರೆದುಕೊಳ್ಳುತ್ತಿರುವುದು ನನ್ನ ಮಗಳು. ನಡುವೆ ಅವಳು ಏನಾದರೂ ತುರುಕಿದರೆ ಅದಕ್ಕೆ ನಾನು ಜವಾಬ್ದಾರನಲ್ಲ.

ಕಾಲು ಕಳೆದುಕೊಂಡವರಲ್ಲಿ ಕೆಲವರು ಮೊದಲ ದಿನ ನಗುತ್ತಾರೆ. ಅದು ಜೊತೆಗೆ ಬಂದವರಿಗೋಸ್ಕರ ನಗುವ ನಗು. ನನ್ನದೊಂದು ಲೆಕ್ಕವಿತ್ತು: ಮೊದಲ ಭೇಟಿಯಲ್ಲಿ ಅಳತೆ, ಎರಡನೆಯದರಲ್ಲಿ ಅಚ್ಚು, ಮೂರನೆಯದರಲ್ಲಿ ಕಾಲು ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸುವುದು. ಆ ಮೂರನೇ ಭೇಟಿಯಲ್ಲಿ ಎಂಥ ಗಂಡೆದೆಯವನ ನಗುವೂ ಆರಿಹೋಗುತ್ತದೆ. ಈ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ.

ಆಗ ಬಂದಳು ಅಂಚೆಯಕ್ಕ. ಈಗ ನನಗೆ ಅವಳು ಅಕ್ಕನೇ, ಅದಕ್ಕೇ ಬಂದಳು, ಹೋದಳು ಅನ್ನುತ್ತಿದ್ದೇನೆ. ಆಗ ಇಬ್ಬರದೂ ಬಹುವಚನವೇ. ಮೂವತ್ತೊಂದು ವರ್ಷ ನಡೆದೇ ಅಂಚೆ ಹಂಚಿದವಳು. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ, ಅಷ್ಟರಲ್ಲಿ ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾಗಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಗಾಲಿ ಕುರ್ಚಿಯನ್ನು ಅವಳ ನಾದಿನಿ ತಳ್ಳಿಕೊಂಡು ಬಂದಳು. ಬಾಗಿಲು ದಾಟುತ್ತಲೇ ಅಂಚೆಯಕ್ಕ, ಇಷ್ಟು ವರ್ಷ ನಾನು ಟಪಾಲು ಹಂಚಿದೆ, ಈಗ ಡಾಕ್ಟರು ನನ್ನನ್ನೇ ಹಂಚೋಕೆ ಶುರು ಮಾಡಿದ್ದಾರೆ, ಅಂದು ಹೊಟ್ಟೆ ಕುಲುಕಿಸಿ ನಕ್ಕಳು. ನಾದಿನಿ ತಲೆ ತಗ್ಗಿಸಿಕೊಂಡು, ಸುಮ್ಮನಿರಿ ಅತ್ತಿಗೆ, ಅಂದಳು. ನಾನು ನಗಲಿಲ್ಲ. ಮೂರನೇ ಭೇಟಿ ಬರಲಿ, ನೋಡೋಣ ಅಂದುಕೊಂಡೆ.

ಅಷ್ಟು ಸಿಟ್ಟು ಯಾಕೆ ಬಂತು ಅಂದರೆ, ಆ ಹೊತ್ತಿಗೆ ನನ್ನ ಬಲಗೈ ನಡುಗಲು ಶುರುವಾಗಿ ಏಳು ತಿಂಗಳಾಗಿತ್ತು. ಮೊದಲು ಚಮಚ, ಆಮೇಲೆ ಅಂಗಿಯ ಗುಂಡಿ, ಆಮೇಲೆ ಪೆನ್ಸಿಲ್ಲು. ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕದ್ದು ತೋರಿಸಿಕೊಂಡು ಬಂದಿದ್ದೆ. ವೈದ್ಯರು ಒಂದು ಉದ್ದನೆಯ ಹೆಸರು ಹೇಳಿದರು. ಮಾತ್ರೆಯಿಂದ ಸ್ವಲ್ಪ ತಡೆಯಬಹುದು, ವಾಸಿಯಾಗುವುದಿಲ್ಲ, ಬರಬರುತ್ತಾ ಜಾಸ್ತಿಯಾಗುತ್ತದೆ ಅಂದರು. ಹೆಂಡತಿಗೆ ಹೇಳಲಿಲ್ಲ. ಪಕ್ಕದ ಮೇಜಿನಲ್ಲೇ ಕೂತು ಪಾದ ತಿದ್ದುವ, ಬೆಲ್ಟು ಹೊಲಿಯುವ ಮಗಳಿಗೂ ಹೇಳಲಿಲ್ಲ. ಕೈ ಹೋದ ಮೇಲೆ ನಾನು ಯಾರು ಅನ್ನುವುದು ನನಗೇ ಗೊತ್ತಿರಲಿಲ್ಲ, ಇನ್ನು ಬೇರೆಯವರಿಗೆ ಏನು ಹೇಳಲಿ.

ಚರ್ಚಿಗೆ ಹೋಗುವವನೇ ನಾನು. ಹುಟ್ಟಿದಾಗಿನಿಂದ ಹೋಗಿದ್ದೇನೆ. ಹಿಂದಿನಿಂದ ಎರಡನೇ ಬೆಂಚು, ಹೆಂಡತಿಯ ಪಕ್ಕ. ಆದರೆ ಆ ಮೂರನೇ ಮಹಡಿಯಿಂದ ಇಳಿದು ಬಂದ ಮೇಲೆ ಬಾಯಿ ಹಾಡುತ್ತಿತ್ತು, ಒಳಗೆ ಬೀಗ ಬಿದ್ದಿತ್ತು. ಈ ಹೆಂಗಸನ್ನು ನೋಡಿ ತಲೆಯಲ್ಲಿ ಒಂದು ಹುಳ ಹೊಕ್ಕಿತು. ನಡೆದು ಬದುಕಿದವಳಿಗೆ ಕಾಲು ಹೋಗಿದೆ, ಆದರೂ ನಗುತ್ತಾಳೆ. ಕೈಯಿಂದ ಬದುಕಿದವನಿಗೆ ಕೈ ಇನ್ನೂ ಪೂರ್ತಿ ಹೋಗಿಲ್ಲ, ಆಗಲೇ ಎಲ್ಲ ಕತ್ತಲೆ. ಅವಳದು ನಾಟಕವಾದರೆ ಸರಿ, ನಾನು ನಿಶ್ಚಿಂತೆಯಾಗಿ ದುಃಖಪಡಬಹುದು. ನಿಜವಾದರೆ, ಅದು ಎಲ್ಲಿಂದ ಬರುತ್ತದೆ ಅನ್ನುವುದನ್ನು ನಾನು ತಿಳಿದುಕೊಳ್ಳಲೇಬೇಕು. ನನಗೆ ಉಳಿದಿದ್ದ ಆಸೆ ಅದೊಂದೇ.

ಅಳತೆ ತೆಗೆಯುವಾಗ ಕೇಳಿದೆ, ಎಂಥ ಕಾಲು ಬೇಕು ಅಂತ. ಎಲ್ಲರನ್ನೂ ಕೇಳುತ್ತೇನೆ. ಸೈಕಲ್ಲು ತುಳಿಯುವ ಕಾಲು ಕೇಳಿದವರಿದ್ದಾರೆ, ಎತ್ತರದ ಹಿಮ್ಮಡಿಯ ಚಪ್ಪಲಿಗೆ ಹೊಂದುವ ಕಾಲು ಕೇಳಿದವರಿದ್ದಾರೆ, ಭಾವಮೈದುನನನ್ನು ಒದೆಯಲು ಗಟ್ಟಿಯಾದದ್ದು ಬೇಕು ಅಂದವನೂ ಒಬ್ಬನಿದ್ದ. ಅಂಚೆಯಕ್ಕ ಕೇಳಿದ್ದನ್ನು ಯಾರೂ ಕೇಳಿರಲಿಲ್ಲ.

"ನಡೆಯೋದು ಆಮೇಲೆ ನೋಡ್ಕೊಳ್ಳೋಣ. ನನಗೆ ಮೊಣಕಾಲೂರೋಕೆ ಆಗೋ ಕಾಲು ಬೇಕು ಮೇಸ್ತ್ರಿ," ಅಂದಳು.

ಅದು ಕಷ್ಟ ಅಂತ ವಿವರಿಸಿದೆ. ಮೋಟುಗಾಲು ಕೂರುವ ಭಾಗಕ್ಕೆ ನಾವು ಬಟ್ಟಲು ಅನ್ನುತ್ತೇವೆ. ಅದರ ಹಿಂದಿನ ಅಂಚು ಎತ್ತರವಿರಬೇಕು, ಇಲ್ಲದಿದ್ದರೆ ನಡೆಯುವಾಗ ಜಾರುತ್ತದೆ. ಎತ್ತರವಿದ್ದರೆ ಮಂಡಿ ಪೂರ್ತಿ ಮಡಚಿದಾಗ ತೊಡೆಗೆ ಒತ್ತುತ್ತದೆ. ಅಂಚನ್ನು ತಗ್ಗಿಸಬಹುದು, ಆಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಮೂಳೆ ಇರುವ ಕಡೆ ಒಂದು ಕೂದಲೆಳೆ ತಪ್ಪಿದರೂ ಚರ್ಮ ಕಿತ್ತುಬರುತ್ತದೆ. ಇಷ್ಟೆಲ್ಲ ಹೇಳಿ, ಕೂತೇ ಪ್ರಾರ್ಥನೆ ಮಾಡಬಹುದಲ್ಲ, ದೇವರೇನು ಕಾಲು ನೋಡುತ್ತಾನೆಯೇ ಅಂತ ಕೊಂಕು ಬೇರೆ ತೆಗೆದೆ.

"ಆತ ನೋಡಲ್ಲ," ಅಂದಳು. "ಕೂತರೆ ನಾನು ನೋಡ್ತೀನಿ, ನನ್ನ ಕಾಲನ್ನೇ."

ಆಗಲಿ, ಮಾಡಿಕೊಡುತ್ತೇನೆ ಅಂದೆ.

ಎರಡನೇ ಭೇಟಿಯ ದಿನ ಆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮೋಟುಗಾಲಿಗೆ ತೆಳ್ಳನೆಯ ಕಾಲುಚೀಲ ಹಾಕಿ, ಒದ್ದೆ ಮಾಡಿ, ಅದರ ಮೇಲೆ ನೇರಳೆ ಪೆನ್ಸಿಲ್ಲಿನಿಂದ ಮೂಳೆಗಳ ಜಾಗವನ್ನು ಗುರುತು ಹಾಕುತ್ತೇವೆ. ಮೇಲೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಒಣಗಿದ ಮೇಲೆ ಬಿಚ್ಚಿ, ಒಳಗೆ ಪ್ಲಾಸ್ಟರ್ ಹೊಯ್ದರೆ ಆ ನೇರಳೆ ಗುರುತು ಅಚ್ಚಿನ ಮೇಲೆ ಮೂಡುತ್ತದೆ. ಗುರುತಿದ್ದ ಕಡೆ ಪ್ಲಾಸ್ಟರ್ ಮೆತ್ತಿ ಎತ್ತರಿಸುತ್ತೇವೆ, ಬಟ್ಟಲಿನಲ್ಲಿ ಅಲ್ಲಿ ಸಡಿಲ ಬಿಟ್ಟು ಮೂಳೆಗೆ ಒತ್ತದಿರಲಿ ಅಂತ. ಎಲ್ಲ ನಿಂತಿರುವುದು ಆ ಗುರುತಿನ ಮೇಲೆ. ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಒಂದು ಚಿಕ್ಕ ಮೂಳೆಯ ಗಂಟಿದೆ. ಅದಕ್ಕೆ ಸುತ್ತು ಹಾಕಲು ಹೋದೆ. ಕೈ ಕುಣಿಯಿತು. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ಹೇಗೋ ಸುತ್ತು ಮುಗಿಸಿದೆ. ಸರಿಯಾದ ಜಾಗಕ್ಕೆ ಬೀಳಲಿಲ್ಲ ಅಂತ ನನ್ನ ಮನಸ್ಸಿಗೆ ಆಗಲೇ ಗೊತ್ತಾಗಿತ್ತು. ಚೀಲ ಬದಲಿಸಿ ಮತ್ತೆ ಹಾಕಬೇಕಿತ್ತು. ಹಾಕಲು ಹೋದರೆ ಮಗಳು ತಲೆಯೆತ್ತಿ, ಯಾಕಪ್ಪಾ ಅಂತ ಕೇಳುತ್ತಿದ್ದಳು. ಅವಳು ಕೇಳಬಾರದು ಅಂತ ಪಟ್ಟಿ ಸುತ್ತಿಬಿಟ್ಟೆ. ಅಂಚೆಯಕ್ಕ ಅಷ್ಟು ಹೊತ್ತೂ ನಾದಿನಿಯ ಹತ್ತಿರ ಏನೋ ಹರಟುತ್ತಿದ್ದಳು, ನೋಡಲಿಲ್ಲ.

ಮೂರನೇ ಭೇಟಿ ಬಂತು. ಕಾಲು ತೊಡಿಸಿದೆ, ಕಂಬಿಯ ನಡುವೆ ನಿಲ್ಲಿಸಿದೆ. ಕನ್ನಡಿ ನೋಡಿದಳು. ನೋಡಿದವಳೇ ಎಂಥ ಅಳು ಅಂತೀರಿ, ಬಟ್ಟೆ ಒಗೆಯುವ ಹೆಂಗಸರು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತರು. ನನಗೆ ನಾಚಿಕೆಯಾಗುತ್ತದೆ ಹೇಳಲು, ಒಳಗೊಳಗೇ ಒಂದು ಸಮಾಧಾನವಾಯಿತು. ನೋಡಿದೆಯಾ, ನನ್ನ ಲೆಕ್ಕ ತಪ್ಪಲಿಲ್ಲ ಅಂತ. ಐದು ನಿಮಿಷ ಅತ್ತಳು. ಮೂಗು ಒರೆಸಿಕೊಂಡಳು. ಬಗ್ಗಿ ಹೊಸ ಕಾಲನ್ನು ನೋಡಿ, ನನ್ನ ಇನ್ನೊಂದು ಕಾಲಿಗಿಂತ ಇದರ ಬಣ್ಣವೇ ಚೆನ್ನಾಗಿದೆಯಲ್ಲ ಅಂದು ನಕ್ಕಳು.

ಅದು ಮೊದಲ ದಿನದ ನಗುವೇ. ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ನಾಟಕದ ನಗುವಾಗಿದ್ದರೆ ಅಷ್ಟು ಅತ್ತ ಮೇಲೆ ಉಳಿಯಬಾರದಿತ್ತು. ಅಳು ಬೇರೆ ಯಾವುದೋ ಮಹಡಿಯಲ್ಲಿ ನಡೆದುಹೋಯಿತು, ನಗು ಇದ್ದ ಮಹಡಿಗೆ ಅದರ ಸದ್ದೂ ಮುಟ್ಟಲಿಲ್ಲ ಅನ್ನಿಸಿತು. ನನ್ನ ಇಪ್ಪತ್ತೊಂಬತ್ತು ವರ್ಷದ ಲೆಕ್ಕ ತಲೆಕೆಳಗಾಯಿತು.

ತಡೆಯಲಾರದೆ, ಮೆಟ್ಟಿಲಿನ ಎತ್ತರ ನೋಡಬೇಕು ಅಂತ ಒಂದು ಸುಳ್ಳು ಹೇಳಿ ಅವಳ ಮನೆಗೇ ಹೋದೆ. ಮೂಗು ತೂರಿಸಲು ಹೋದೆ ಅಂತ ಬರೆದುಕೊಂಡರೂ ತಪ್ಪಿಲ್ಲ ಮಗಳೇ. ನೆಲಮಟ್ಟದ ಎರಡು ಕೋಣೆ, ನೋಡಲು ಒಂದೇ ಒಂದು ಮೆಟ್ಟಿಲು. ಮಂಚ, ಮಡಚಿದ ಕಂಬಳಿ, ಗೋಡೆಗೆ ಒಂದು ಶಿಲುಬೆ, ಮೊಳೆಗೆ ತೂಗುಹಾಕಿದ ಖಾಲಿ ಅಂಚೆ ಚೀಲ. ಅವಳು ಒಳಗೆ ಕಾಫಿ ಬೆರೆಸುತ್ತಿದ್ದಾಗ ನಾದಿನಿ ಗುಟ್ಟು ಬಿಟ್ಟುಕೊಟ್ಟಳು. ಅತ್ತಿಗೆ ದಿನಾ ಬೆಳಿಗ್ಗೆ ಮೊಣಕಾಲೂರಿ ಅಂಚೆ ಹಂಚುತ್ತಾರೆ, ಅಂದಳು. ಹಳೇ ದಾರಿಯಲ್ಲೇ, ಮನೆಯಿಂದ ಮನೆಗೆ, ಒಂದೂ ಬಿಡದೆ. ಮೊದಲ ತಿರುವಿನ ನೀಲಿ ಬಾಗಿಲಿನ ಮುದುಕನ ಕಣ್ಣಿಗೋಸ್ಕರ, ಅದರಾಚೆ ಮಗಳ ಕಾಗದಕ್ಕೆ ಕಾಯುತ್ತಿದ್ದ ತಾಯಿಗೋಸ್ಕರ, ಆಚೆ ಬೀದಿಯಲ್ಲಿ ಗಂಡ ಹೆಂಡತಿ ಜಗಳವಾಡುವ ಮನೆಗೋಸ್ಕರ ಪ್ರಾರ್ಥನೆ. ಇನ್ನೂರಾರು ಮನೆ. ಎರಡು ಸಲ ಕಚ್ಚಿದ ನಾಯಿಯನ್ನೂ ಬಿಟ್ಟಿಲ್ಲವಂತೆ, ಅದರ ಸರದಿ ಬಂದಾಗ ಮಾತ್ರ ಸ್ವಲ್ಪ ಬೇಗ ಮುಗಿಸುತ್ತಾಳಂತೆ.

ಅಂಚೆಯಕ್ಕ ಕಾಫಿ ತಂದಿಟ್ಟಾಗ ನಾನು ಲೋಟ ಮುಟ್ಟಲಿಲ್ಲ, ಚೆಲ್ಲುತ್ತದೆ ಅಂತ. ನೇರವಾಗಿ ಕೇಳಿಬಿಟ್ಟೆ, ಇಷ್ಟೆಲ್ಲ ಆದ ಮೇಲೂ ನಿಮಗೆ ಸಂತೋಷ ಎಲ್ಲಿಂದ ಬರುತ್ತದೆ ಅಂತ. ಸಂತೋಷ ನನ್ನದಲ್ಲ ಮೇಸ್ತ್ರಿ, ಸ್ವಾಮಿಯದು, ನನ್ನದಾಗಿದ್ದಿದ್ದರೆ ಕಾಲಿನ ಜೊತೆಯಲ್ಲೇ ಹೋಗುತ್ತಿತ್ತು ಅಂದಳು. ಕೇಳಲು ಚೆನ್ನಾಗಿತ್ತು. ಆದರೆ ನನ್ನ ಕೈಗೆ ಹತ್ತಲಿಲ್ಲ. ಸ್ವಾಮಿಯದು ನಿಮ್ಮ ಹತ್ತಿರ ಹೇಗೆ ಬಂತು ಅಂತ ಇನ್ನೂ ಕೆದಕಿದೆ. ಕಾಫಿ ಆರುತ್ತದೆ ಕುಡಿಯಿರಿ ಅಂದಳು. ಕುಡಿಯದೆ ಎದ್ದು ಬಂದೆ, ಒರಟ ಅಂದುಕೊಂಡಿರಬೇಕು.

ಮೂರು ವಾರ ಕಳೆದಿತ್ತು. ಒಂದು ಬೆಳಿಗ್ಗೆ ನಾದಿನಿ ಒಬ್ಬಳೇ ಓಡಿಬಂದಳು. ಕಾಲುಚೀಲ ಒದ್ದೆಯಾಗಿತ್ತಂತೆ, ಬಿಚ್ಚಿ ನೋಡಿದರೆ ಗಾಯವಂತೆ. ಸಕ್ಕರೆ ಕಾಯಿಲೆಯವರಿಗೆ ಅಲ್ಲೆಲ್ಲ ನೋವು ಗೊತ್ತಾಗುವುದಿಲ್ಲ. ಅವಳಿಗೂ ಗೊತ್ತಾಗಿರಲಿಲ್ಲ, ದಿನಾ ಒಂದು ಗಂಟೆ ಆ ಮೂಳೆಯ ಮೇಲೆ ಭಾರ ಬಿಟ್ಟು ಇನ್ನೂರಾರು ಮನೆ ಸುತ್ತಿದ್ದಳು. ಈಗ ಮೇಲಿನ ವಾರ್ಡಿನಲ್ಲಿ ಮಲಗಿಸಿದ್ದಾರೆ. ಗಾಯ ಮಾಗಿದರೆ ಸರಿ, ಒಳಗೆ ಇಳಿದರೆ ಮಂಡಿಯ ಮೇಲಕ್ಕೆ ಕತ್ತರಿಸಬೇಕಾಗುತ್ತದೆ ಅಂದಿದ್ದರು ಸರ್ಜನ್ನು. ಮಂಡಿಯೇ ಹೋದರೆ ಮೊಣಕಾಲೂರುವುದೆಲ್ಲಿ ಬಂತು.

ಕಪಾಟಿನಿಂದ ಅವಳ ಅಚ್ಚು ತೆಗೆದು ನೋಡಿದೆ. ನೇರಳೆ ಸುತ್ತು ಇರಬೇಕಾದ ಜಾಗದಿಂದ ಒಂದು ಬೆರಳಗಲ ಮುಂದಕ್ಕೆ ಬಿದ್ದಿತ್ತು. ಮಗಳು, ಸಕ್ಕರೆಯವರಿಗೆ ಗಾಯ ಆಗುವುದು ಇದ್ದದ್ದೇ ಅಪ್ಪಾ ಅಂದಳು. ಸರ್ಜನ್ನೂ ಹಾಗೇ ಅಂದುಕೊಂಡಿದ್ದರು. ನಾದಿನಿಯೂ ಹಾಗೇ ಅಂದುಕೊಂಡಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಒಂದು ನೊಣವೂ ನನ್ನನ್ನು ಕೇಳುತ್ತಿರಲಿಲ್ಲ. ಎರಡು ದಿನ ಮುಚ್ಚಿಕೊಂಡೇ ಇದ್ದೆ. ಮೂರನೇ ದಿನ ಮಧ್ಯಾಹ್ನ ಮೆಟ್ಟಿಲು ಹತ್ತಿ ವಾರ್ಡಿಗೆ ಹೋದೆ.

ನನ್ನನ್ನು ಕಂಡು ಅವಳ ಮುಖ ಅರಳಿತು. ಅದೇ ನನಗೆ ಹೆಚ್ಚು ಕಷ್ಟವಾಯಿತು. ಇದು ಸಕ್ಕರೆಯಿಂದ ಆದದ್ದಲ್ಲ, ನನ್ನಿಂದ ಆದದ್ದು ಅಂದೆ. ಗುರುತು ಹಾಕುವಾಗ ಕೈ ನಡುಗಿತು, ತಪ್ಪಿದ್ದು ಗೊತ್ತಿದ್ದೂ ಸುಮ್ಮನಿದ್ದೆ ಅಂದೆ. ಕಿಸೆಯಿಂದ ಬಲಗೈ ತೆಗೆದು ತೋರಿಸಿದೆ. ಅವಳು ಕೈಯನ್ನೇ ನೋಡಿದಳು. ಯಾವಾಗಿನಿಂದ ಅಂದಳು. ಹೇಳಿದೆ. ಮೊದಲೇ ಯಾಕೆ ಹೇಳಲಿಲ್ಲ ಅಂದಳು. ಮರ್ಯಾದೆ ಹೋಗುತ್ತದೆ ಅಂತ, ಅಂದೆ.

ಅವಳ ಮುಖದ ಬಣ್ಣವೇ ಬದಲಾಯಿತು. ಅವತ್ತಿನವರೆಗೂ ನೀವು ಅನ್ನುತ್ತಿದ್ದವಳು ಒಂದೇ ಸಲಕ್ಕೆ ನೀನಿಗೆ ಇಳಿದಳು.

"ನಿನ್ನ ಮರ್ಯಾದೆ ಉಳಿಸ್ಕೊಳ್ಳೋಕೆ ನನ್ನ ಕಾಲೇ ಬೇಕಾಗಿತ್ತಾ? ಒಂದು ಸಲ ಕತ್ತರಿಸಿಕೊಂಡಿದ್ದು ಸಾಲದಾ ನನಗೆ? ಎದ್ದು ಹೋಗು. ನನ್ನ ಕಣ್ಣೆದುರು ನಿಲ್ಲಬೇಡ."

ಎದ್ದು ಬಂದೆ. ಇನ್ನೇನು ಮಾಡಲಿ.

ಆಮೇಲಿನ ದಿನಗಳಲ್ಲಿ ನನ್ನನ್ನು ತಿಂದದ್ದು ಒಂದೇ ಯೋಚನೆ. ಆ ಸಂತೋಷ ಹೋಯಿತು. ಕಾಲು ಹೋದರೂ, ಗಂಡ ಹೋದರೂ ಉಳಿದಿದ್ದನ್ನು ನಾನು ಒಂದು ಬೆರಳಗಲದಲ್ಲಿ ಕಿತ್ತುಹಾಕಿದೆ. ವಾರ್ಡು ಗುಡಿಸುವ ಹೆಂಗಸನ್ನು ದಿನಾ ತಡೆದು ಕೇಳುತ್ತಿದ್ದೆ, ಅಂಚೆಯಕ್ಕ ನಕ್ಕರಾ ಅಂತ. ಇಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ ಅನ್ನುತ್ತಿದ್ದಳು. ಮಾರನೇ ದಿನವೂ ಅದೇ. ನಾಲ್ಕನೇ ದಿನ, ಮೇಸ್ತ್ರಿ, ನಿಮಗೆ ಬೇರೆ ಕೆಲಸ ಇಲ್ಲವಾ ಅಂದಳು. ನಿಜವಾಗಿಯೂ ಇರಲಿಲ್ಲ. ನಾನು ಪೆನ್ಸಿಲ್ಲು ಮುಟ್ಟುವುದನ್ನು ನಿಲ್ಲಿಸಿದ್ದೆ, ಮಗಳಿಗೆ ಬೆನ್ನುನೋವು ಅಂತ ಹೇಳಿದ್ದೆ.

ಏಳನೇ ದಿನ ನಾದಿನಿ ಬಂದು, ಅತ್ತಿಗೆ ಕರೀತಿದ್ದಾರೆ ಅಂದಳು. ಕೂಡಲೇ ಮೆಟ್ಟಿಲು ಹತ್ತಿದೆ.

ಅಂಚೆಯಕ್ಕ ದಿಂಬಿಗೆ ಒರಗಿ ಕೂತಿದ್ದಳು. ಮುಖ ಸೊರಗಿತ್ತು. ಕೂತ್ಕೋ ಅಂದಳು. ನೀನು ಹಾಗೇ ಉಳಿದಿತ್ತು, ಆದರೆ ಅದರ ಖಾರ ಹೋಗಿತ್ತು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ, ಕೈ ಅಡ್ಡ ಹಿಡಿದು ನಿಲ್ಲಿಸಿದಳು.

"ಐದು ದಿನ, ನಿನ್ನ ಕೈ ಬಿದ್ದುಹೋಗಲಿ ಅಂತ ಸ್ವಾಮಿಯನ್ನ ಕೇಳ್ದೆ. ಸುಳ್ಳು ಯಾಕೆ ಹೇಳಲಿ, ಮನಸಾರೆ ಕೇಳ್ದೆ. ಆಮೇಲೆ ಸ್ವಾಮಿಗೂ ಬೈದೆ. ಕಾಲು ತಗೊಂಡು, ಅದರ ಬದಲಿಗೆ ಇಂಥ ಮೇಸ್ತ್ರಿನ ಕೊಟ್ಯಲ್ಲಾ, ನಿನಗೆ ನಾನೊಬ್ಬಳೇ ಸಿಕ್ಕಿದ್ನಾ ಅಂತ. ಬೈದು ಬೈದು ಗಂಟಲು ಒಣಗಿತು. ಸುಸ್ತಾಗಿ ಸುಮ್ಮನಾದ ಮೇಲೆ ನೋಡ್ತೀನಿ, ಬೈಸಿಕೊಂಡ ಸ್ವಾಮಿ ಪಕ್ಕದಲ್ಲೇ ಇದ್ದಾನೆ. ನಿನಗೂ ಎದ್ದು ಹೋಗು ಅಂದೆ, ನೀನು ಹೋದೆ. ಆತನಿಗೂ ಅಂದೆ, ಆತ ಹೋಗಲಿಲ್ಲ. ಅವತ್ತು ಕಾಫಿ ಕುಡಿಯದೆ ಕೇಳ್ದೆಯಲ್ಲ, ಎಲ್ಲಿಂದ ಬರುತ್ತೆ ಅಂತ. ನನಗೆ ಗೊತ್ತಿರೋದು ಇಷ್ಟೇ."

ಈ ವಯಸ್ಸಿನವರೆಗೂ ನಾನು, ದೇವರ ಹತ್ತಿರ ಮಾತಾಡುವುದು ಅಂದರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಾತಾಡುವುದು ಅಂತ ತಿಳಿದಿದ್ದೆ. ಬೈಯಬಹುದು ಅನ್ನುವುದೇ ಗೊತ್ತಿರಲಿಲ್ಲ. ನನ್ನ ಮೇಲಿನ ಸಿಟ್ಟು ಹೋಯಿತಾ ಅಂತ ಕೇಳಿದೆ. ಪೂರ್ತಿ ಹೋಗಿಲ್ಲ, ಹೋಗುತ್ತಿದೆ ಅಂದಳು. ಗಾಯ ಒಳಗೆ ಇಳಿದಿಲ್ಲವಂತೆ, ಮಾಗುವ ಹಾಗೆ ಕಾಣುತ್ತದೆ ಅಂತ ಸರ್ಜನ್ನು ಅಂದರಂತೆ. ಮಾಗಿದ ಮೇಲೆ ಮತ್ತೆ ಕಾಲು ಮಾಡಿಕೊಡಬೇಕು ಅಂದಳು. ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲಕ್ಕಾ ಅಂದೆ. ಆ ಮಾತನ್ನು ಮೊದಲ ಸಲ ನನ್ನ ಬಾಯಿಂದ ನಾನೇ ಕೇಳಿಸಿಕೊಂಡೆ.

"ಬಾಯಿ ನಡುಗುತ್ತಾ?" ಅಂದಳು.

ಇಲ್ಲ ಅಂದೆ.

"ಹಾಗಾದ್ರೆ ಬಾಯಿಂದ ಮಾಡಿಸು. ನಿನ್ನ ಮಗಳಿಗೆ ಕೈ ಇಲ್ವಾ? ಮೊದಲು ಮನೆಗೆ ಹೋಗಿ ಹೇಳು."

ಆ ಸಂಜೆ ಅಡುಗೆಮನೆಯಲ್ಲಿ ಹೇಳಿದೆ. ಮಗಳು ಅತ್ತಳು, ಆಮೇಲೆ ನನಗೆ ಚೆನ್ನಾಗಿ ಬೈದಳು. ನನ್ನ ಕೆಲಸ ಅವಳಿಗೆ ಬಂದಿದೆಯೋ ಇಲ್ಲವೋ, ಬಾಯಿಯಂತೂ ಬಂದಿದೆ. ಹೆಂಡತಿ ಒಲೆಯ ಕಡೆ ತಿರುಗಿಕೊಂಡೇ, ನನಗೆ ಗೊತ್ತು ಅಂದಳು. ಹೇಗೆ ಅಂದರೆ, ನಾಲ್ಕು ತಿಂಗಳಿನಿಂದ ನಿಮಗೆ ಅರ್ಧ ಲೋಟ ಕಾಫಿ ಕೊಡುತ್ತಿದ್ದೇನೆ, ಯಾಕೆ ಅಂತ ಒಂದು ದಿನವಾದರೂ ಕೇಳಿದಿರಾ ಅಂದಳು. ನಾನು ಹಾಲು ಕಡಿಮೆ ತರಿಸುತ್ತಿದ್ದಾಳೆ ಅಂದುಕೊಂಡು ಅಷ್ಟೂ ದಿನ ಒಳಗೇ ಗೊಣಗಿದ್ದೆ. ನೀವಾಗಿ ಹೇಳುತ್ತೀರಿ ಅಂತ ಕಾದೆ ಅಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಂಥ ಇಬ್ಬರನ್ನು ಮನೆಯಲ್ಲಿಟ್ಟುಕೊಂಡು ಅಷ್ಟೂ ತಿಂಗಳು ಒಬ್ಬನೇ ಹೆದರಿದೆನಲ್ಲ, ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಗಾಯ ಪೂರ್ತಿ ಮಾಗಲು ಏಳು ವಾರ ಹಿಡಿಯಿತು. ಮಂಡಿ ಉಳಿಯಿತು. ಈ ಸಲ ಪೆನ್ಸಿಲ್ಲು ಹಿಡಿದವಳು ಮಗಳು. ಗುರುತು ಹಾಕುವ ಮೊದಲು ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಒಂದು ವಿಚಿತ್ರ ಗಮನಿಸಿದೆ. ಬೆರಳು ನಡುಗುತ್ತಿದ್ದರೂ ಚರ್ಮದ ಕೆಳಗಿನ ಮೂಳೆಯನ್ನು ಅದು ಮೊದಲಿನಷ್ಟೇ ಖಂಡಿತವಾಗಿ ಗುರುತು ಹಿಡಿಯುತ್ತಿತ್ತು. ಇಲ್ಲಿ ಅಂದೆ. ಅವಳು ಸುತ್ತು ಹಾಕಿದಳು. ಇನ್ನೂ ಹಿಂದೆ ಅಂದೆ. ಗೊತ್ತಪ್ಪಾ ಅಂದಳು. ಗೊತ್ತಿದ್ದರೆ ಯಾಕೆ ಅಲ್ಲಿ ಹಾಕಿದೆ ಅಂದೆ. ನೀವು ಬಾಯಿ ಮುಚ್ಚಿದರೆ ಹಾಕುತ್ತೇನೆ ಅಂದಳು. ಅಂಚೆಯಕ್ಕ ಇಬ್ಬರ ಜಗಳವನ್ನೂ ಸಿನಿಮಾ ನೋಡುವ ಹಾಗೆ ಕೂತು ನೋಡಿದಳು. ಬಟ್ಟಲಿನ ಹಿಂದಿನ ಅಂಚನ್ನು ಎಷ್ಟು ತಗ್ಗಿಸಬೇಕು ಅನ್ನುವುದಕ್ಕೇ ಮೂರು ದಿನ ಹಿಡಿಯಿತು, ಎರಡು ಬಟ್ಟಲು ಬಿಸಾಡಿದೆವು. ಮೂರನೆಯದು ಕೂತಿತು.

ಇದಾಗಿ ಈಗ ಎರಡು ವರ್ಷ. ಈಗ ಎಡಗೈಯೂ ಶುರುವಾಗಿದೆ. ಆದರೂ ನೀನು ಹೇಗಿದ್ದೀಯ ಅಂತ ಯಾರಾದರೂ ಕೇಳಿದರೆ ಸಂತೋಷವಾಗಿದ್ದೇನೆ ಅನ್ನುತ್ತೇನೆ, ಅದು ಬಾಯಿಮಾತಲ್ಲ. ಕೆಲವು ದಿನ ಅದು ಕೂಡಲೇ ಸಿಗುವುದಿಲ್ಲ, ಹುಡುಕಬೇಕಾಗುತ್ತದೆ, ಆದರೆ ಇರುವುದಂತೂ ಹೌದು. ಹೇಗೆ ಬಂತು ಅಂದರೆ, ಆ ಮೂರನೇ ಬಟ್ಟಲು ಕೂತ ದಿನ ಆದದ್ದನ್ನು ಹೇಳುತ್ತೇನೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ಮಧ್ಯಾಹ್ನದ ಹೊತ್ತು. ಕಂಬಿಯ ಪಕ್ಕ ನೆಲದ ಮೇಲೆ ಕಂಬಳಿ ಮಡಚಿ ಹಾಕಿದೆವು. ಅಂಚೆಯಕ್ಕ ಕಂಬಿ ಹಿಡಿದು ಮೊದಲು ಬಲ ಮಂಡಿ ಊರಿದಳು, ಆಮೇಲೆ ನಿಧಾನವಾಗಿ ಎಡ ಮಂಡಿ. ನಾನು ಬಟ್ಟಲಿನ ಅಂಚನ್ನೇ ನೋಡುತ್ತಿದ್ದೆ. ಎಲ್ಲೂ ಒತ್ತಲಿಲ್ಲ, ಎಲ್ಲೂ ಜಾರಲಿಲ್ಲ. ಅವಳು ಕೈಬಿಟ್ಟು ನೆಟ್ಟಗೆ ನಿಂತಳು, ಎರಡು ಮಂಡಿಯ ಮೇಲೆ. ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆಯದೆ, ಪಕ್ಕದ ಕಂಬಳಿಯನ್ನು ತಟ್ಟಿ, ಬಾ ಅಂದಳು.

ನನಗೆ ಏನು ಹೇಳಬೇಕೋ ಗೊತ್ತಿಲ್ಲಕ್ಕಾ ಅಂದೆ. ಒಳಗೆ ಇರುವುದನ್ನು ಹೇಳು ಅಂದಳು.

ಮೊಣಕಾಲೂರಿದೆ. ಚರ್ಚಿನಲ್ಲಿ ಹೇಳುವ ಹಾಗೆ ದೊಡ್ಡ ದೊಡ್ಡ ಮಾತಿನಿಂದ ಶುರು ಮಾಡಿದೆ, ಎರಡನೇ ಸಾಲಿಗೇ ಅದನ್ನು ಬಿಟ್ಟೆ. ಆಮೇಲೆ ಏನಾಯಿತೋ, ಬೈಯಲು ಶುರು ಮಾಡಿದೆ. ಸ್ವಾಮಿ, ಇಪ್ಪತ್ತೊಂಬತ್ತು ವರ್ಷ ಈ ಕೈಯಿಂದ ಕಾಲು ಮಾಡಿದ್ದೇನೆ, ಕಳ್ಳತನ ಮಾಡಿಲ್ಲ, ಹೊಡೆದಿಲ್ಲ, ಕೆಲಸ ಮಾಡಿದ್ದೇನೆ, ನಿನಗೆ ಈ ಕೈಯೇ ಬೇಕಾಗಿತ್ತಾ, ಸೋಮಾರಿಗಳ ಕೈ ಸಿಗಲಿಲ್ಲವಾ ನಿನಗೆ ಅಂತ. ಅಷ್ಟಕ್ಕೇ ನಿಲ್ಲಲಿಲ್ಲ. ಅಷ್ಟೂ ತಿಂಗಳ ಹೆದರಿಕೆ, ಕದ್ದುಮುಚ್ಚಿ ನುಂಗಿದ ಮಾತ್ರೆ, ಈ ಹೆಂಗಸಿನ ಕಾಲಿಗೆ ನಾನು ಮಾಡಿದ್ದು, ಎಲ್ಲ ಬಂತು. ಮಗಳು ಪಕ್ಕದಲ್ಲೇ ಇದ್ದಾಳೆ ಅನ್ನುವುದೂ ಮರೆತುಹೋಗಿತ್ತು. ಕೂಗಾಡಿದೆ ಅಂತಲೇ ಹೇಳಬೇಕು. ಕೊನೆಗೆ ಬೈಯಲು ಏನೂ ಉಳಿಯಲಿಲ್ಲ. ಸುಮ್ಮನಾದೆ.

ಏನಾಗುತ್ತದೆ ಅಂತ ನಾನು ಕಾದೆ. ನಿಜವಾಗಿಯೂ ನೋಡಬೇಕು ಅಂತಲೇ ಕಾದೆ, ಹೊಸ ಕಾಲು ಹಾಕಿದವರ ಮೊದಲ ಹೆಜ್ಜೆಗೆ ಕಾಯುವ ಹಾಗೆ. ಬೆಳಕೂ ಬರಲಿಲ್ಲ, ದನಿಯೂ ಕೇಳಲಿಲ್ಲ. ಒಬ್ಬರು ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ, ಕೇಳಿಸಿಕೊಂಡು ಇಲ್ಲೇ ಇದ್ದಾರೆ ಅನ್ನುವುದು ಮಾತ್ರ, ಚರ್ಮದ ಕೆಳಗೆ ಮೂಳೆ ಸಿಕ್ಕಷ್ಟು ಖಂಡಿತವಾಗಿ ಗೊತ್ತಾಯಿತು. ಹೊಟ್ಟೆಯ ಒಳಗಿನಿಂದ ಏನೋ ಎದ್ದು ಬಂತು. ಅಳು ಅಂದುಕೊಂಡೆ, ಬಾಯಿಗೆ ಬಂದಾಗ ನೋಡಿದರೆ ನಗು. ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಾನು ನಗುತ್ತಿದ್ದೆ.

ಮಗಳಿಗೆ ಹೆದರಿಕೆಯಾಗಿರಬೇಕು. ಓಡಿಬಂದು ಎದುರಿಗೆ ಕೂತು, ಕುಣಿಯುತ್ತಿದ್ದ ನನ್ನ ಬಲಗೈಯನ್ನು ತನ್ನ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, ನಡುಕ ನಿಲ್ಲಿಸಲು ನೋಡಿದಳು.

"ಬಿಡು ಮಗಳೇ," ಅಂದೆ, "ನಡುಗಲಿ."